ಶಾಲೆಯ ಗೇಟಿಗೆ ಬಂದ ಬಟ್ಟೆಗಾಡಿ

ಮೆಣಸು ಶಾಲೆಯ ಮೈದಾನದ ಆಟದ ಏಣಿಯಿಂದ ಬಿದ್ದದ್ದು ಸೋಮವಾರ. ಅವಳನ್ನು ಹಾಸ್ಟೆಲಿಗೆ ಕಳಿಸುವ ಮಾತು ನಮ್ಮ ಮನೆಗೆ ಬಂದದ್ದು ಗುರುವಾರ, ಮಧ್ಯಾಹ್ನದ ಊಟಕ್ಕೆ ತಟ್ಟೆ ಹಾಕುವಾಗ. ತಂದವನು ಅಣ್ಣ.

"ಹೆಡ್ ಮೇಡಂ ಕರೆಸಿದ್ರು," ಎಂದ. "ಇವಳ ಥರದ ಮಕ್ಕಳಿಗೆ ಅಂತಲೇ ಬೇರೆ ಶಾಲೆ ಇದೆಯಂತೆ. ಬಸ್ಸಲ್ಲಿ ಒಂದು ಹಗಲಿನ ದಾರಿ. ಹಾಸ್ಟೆಲು, ಊಟ, ಬಟ್ಟೆ, ಎಲ್ಲಾ ಅವರದ್ದೇ."

ಅತ್ತಿಗೆ ಅನ್ನದ ಪಾತ್ರೆಯನ್ನು ಕೆಳಗಿಟ್ಟಳು.

"ಇವಳ ಥರದ ಅಂದ್ರೆ ಯಾವ ಥರದ?"

"ಗೊತ್ತಿದ್ದೂ ಕೇಳಬೇಡ."

"ಗೊತ್ತಿಲ್ಲ, ಅದಕ್ಕೇ ಕೇಳ್ತಿದ್ದೀನಿ. ಬಾಯಿ ಜೋರಿರೋ ಥರದ? ನಿದ್ದೇಲಿ ಪಕ್ಕದವರನ್ನ ಒದೆಯೋ ಥರದ?"

ಮೆಣಸು ನಕ್ಕಳು. ನಕ್ಕರೆ ಗದ್ದದ ಹೊಲಿಗೆ ಎಳೆಯುತ್ತದೆ. ತಕ್ಷಣ ಮುಖ ಕಿವಿಚಿದಳು.

ಅವಳು ಅಣ್ಣನ ಒಬ್ಬಳೇ ಮಗಳು, ಎರಡನೇ ತರಗತಿ. ಕಾಳಿನಷ್ಟಿದ್ದರೂ ಎದುರಿನವರ ಕಣ್ಣಲ್ಲಿ ನೀರು ತರಿಸುತ್ತಾಳೆ ಎಂದು ಅಮ್ಮ ಮೆಣಸು ಎಂದು ಕರೆದಳು. ಶಾಲೆಯ ಹೆಸರು ಬೇರೆ. ಅವಳ ಎಡಗೈ ಮೊಣಕೈಯಿಂದ ತುಸು ಕೆಳಗೆ ಮುಗಿಯುತ್ತದೆ. ಹುಟ್ಟಿದ್ದೇ ಹಾಗೆ. ಅದರ ಬಗ್ಗೆ ಮನೆಯಲ್ಲಿ ದೊಡ್ಡ ಚರ್ಚೆ ನಡೆದದ್ದೇನೂ ಇಲ್ಲ. ಅಮ್ಮ ಮಾತ್ರ ಎಡಗಡೆಯ ತೋಳನ್ನು ಉದ್ದ ಬಿಟ್ಟು ಫ್ರಾಕು ಹೊಲಿಸುತ್ತಿದ್ದಳು. ಅತ್ತಿಗೆ ಆ ತೋಳನ್ನು ಕತ್ತರಿಸಿ ಅಂಚು ಮಡಿಸಿ ಹೊಲಿಯುತ್ತಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಏನೂ ಹೇಳುತ್ತಿರಲಿಲ್ಲ.

"ಮೆಟ್ಟಿಲು ತಿರುಗಿತು," ಎಂದಳು ಮೆಣಸು, ಬಾಯಲ್ಲಿ ಅನ್ನ ಇಟ್ಟುಕೊಂಡು. "ಅದಕ್ಕೇ ಬಿದ್ದೆ."

"ಉಣ್ಣುವಾಗ ಮಾತಾಡಬೇಡ," ಎಂದ ಅಣ್ಣ.

ಅಮ್ಮ ನೀರಿನ ಲೋಟ ಮುಂದಕ್ಕೆ ತಳ್ಳಿ ಸೊಸೆಯ ಕಡೆ ತಿರುಗಿದಳು. "ನೋಡಮ್ಮ, ಯಾರ ಮೇಲೆ ಜಗಳಕ್ಕೆ ಹೋಗ್ತೀಯ? ಹೆಡ್ ಮೇಡಂ ಬಟ್ಟೆ ನಮ್ಮ ಕಪಾಟಿನಲ್ಲಿದೆ. ಶಾಲೆ ಸಮಿತಿ ಅಧ್ಯಕ್ಷ ಯಾರು? ಮೆಡಿಕಲ್ ಶಾಪಿನವರು. ಅವರ ಶರ್ಟೂ ನಮ್ಮ ಕಪಾಟಿನಲ್ಲಿದೆ. ಊರಿನ ಕೊಳೆ ನೋಡಿದೋರು ನಾವು. ನೋಡಿದ ಮೇಲೆ ಬಾಯಿ ಮುಚ್ಕೊಂಡಿರಬೇಕು. ಅದೇ ನಮ್ಮ ವ್ಯಾಪಾರ."

"ನನ್ನ ಮಗಳು ಯಾರ ಕೊಳೆಯೂ ಅಲ್ಲ ಅತ್ತೆ."

"ನಾನು ಹಾಗಂದ್ನಾ? ಮಾತಿಗೆ ಬಣ್ಣ ಹಾಕಬೇಡ."

ಅತ್ತಿಗೆ ಉಣ್ಣದೆ ಎದ್ದು ಹಿತ್ತಿಲಿಗೆ ಹೋದಳು. ಆಮೇಲೆ ಹೋಟೆಲಿನ ಮೇಜುಬಟ್ಟೆಗಳನ್ನು ಕಲ್ಲಿಗೆ ಬಡಿಯುವ ಸದ್ದು ಮುಂಬಾಗಿಲಿನವರೆಗೆ ಕೇಳಿಸುತ್ತಿತ್ತು.

ನಮ್ಮದು ಲಾಂಡ್ರಿ. ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಮನೆ, ಹಿತ್ತಿಲಲ್ಲಿ ಹಂಡೆ, ಕಲ್ಲು, ಹಗ್ಗ. ಒಗೆಯುವುದು ಅತ್ತಿಗೆ, ಇಸ್ತ್ರಿ ನನ್ನದು, ನೀರು, ಸೌದೆ, ಇದ್ದಿಲು ಹೊತ್ತು ತರುವುದು ಅಣ್ಣ. ಗಿರಾಕಿಯ ಕೈಯಿಂದ ಬಟ್ಟೆ ತೆಗೆದುಕೊಳ್ಳುವುದು ಮತ್ತು ಕೊಡುವುದು ಮಾತ್ರ ಅಮ್ಮ. ಬೇರೆ ಲಾಂಡ್ರಿಗಳಲ್ಲಿ ಬಟ್ಟೆಗೆ ಚೀಟಿ ಕಟ್ಟುತ್ತಾರೆ, ಶಾಯಿಯಲ್ಲಿ ಗುರುತು ಹಾಕುತ್ತಾರೆ. ಅಮ್ಮ ಅದನ್ನು ಅವಮಾನ ಎನ್ನುತ್ತಿದ್ದಳು. ನಮ್ಮಲ್ಲಿ ಒಂದೊಂದು ಮನೆಗೆ ಕಪಾಟಿನಲ್ಲಿ ಒಂದೊಂದು ಜಾಗ. ಕಿಟಕಿಯ ಪಕ್ಕ ನರ್ಸಮ್ಮ, ಅದರ ಕೆಳಗೆ ಮೆಡಿಕಲ್ ಶಾಪಿನವರು, ಮೂಲೆಯಲ್ಲಿ ಹೋಟೆಲು. ಇಸ್ತ್ರಿಯಾದದ್ದನ್ನು ಹಳೆಯ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಅದರ ಜಾಗದಲ್ಲಿ ಇಟ್ಟರಾಯಿತು. ಬಟ್ಟೆಗೆ ಬೇರೆ ಗುರುತಿಲ್ಲ. ಇರುವ ಜಾಗವೇ ಗುರುತು.

ಮರುದಿನ ಅತ್ತಿಗೆ, ಅಣ್ಣ ಇಬ್ಬರೂ ಶಾಲೆಗೆ ಹೋದರು. ದಾರಿಯಲ್ಲೇ ಜಗಳವಾದೀತೆಂದು ನಾನೂ ಜೊತೆಗೆ ಹೋದೆ. ಮೇಡಂ ಒಳ್ಳೆಯ ಹೆಂಗಸು, ಮೆತ್ತಗೆ ಮಾತಾಡುತ್ತಾರೆ. ಮೆತ್ತಗಿನ ಮಾತಿಗೆ ಎದುರು ಹೇಳುವುದು ಕಷ್ಟ.

"ಮಗುವಿನ ಒಳ್ಳೇದಕ್ಕೇ ಹೇಳೋದು. ನಾಳೆ ಇನ್ನೂ ದೊಡ್ಡದೇನಾದರೂ ಆದ್ರೆ ಯಾರು ಹೊಣೆ?"

"ವ್ಯಾನ್ ಡ್ರೈವರ್ ಮಗ ಹೋದ ತಿಂಗಳು ಅದೇ ಏಣಿಯಿಂದ ಬಿದ್ದನಲ್ಲ ಮೇಡಂ," ಎಂದಳು ಅತ್ತಿಗೆ. "ಮುಂದಿನ ಹಲ್ಲೇ ಹೋಯ್ತು. ಅವನನ್ನ ಯಾವ ಹಾಸ್ಟೆಲಿಗೆ ಕಳಿಸಿದ್ರಿ?"

"ಅದು ಬೇರೆ. ಅವನು ತುಂಟ."

"ಅವನು ಬಿದ್ರೆ ತುಂಟತನ, ಇವಳು ಬಿದ್ರೆ ಕೈ ಇಲ್ಲ ಅಂತಾನಾ? ಇವಳೂ ತುಂಟೀನೇ. ಬೀದಿಯಲ್ಲಿ ಯಾರನ್ನ ಬೇಕಾದ್ರೂ ಕೇಳಿ."

ಅಣ್ಣ ಅವಳ ಮೊಣಕೈ ಹಿಡಿದು ಜಗ್ಗಿದ. ಮೇಡಂ ನಿಟ್ಟುಸಿರು ಬಿಟ್ಟರು. "ಬೇರೆ ಪೋಷಕರಿಗೂ ಅಳುಕಿದೆ. ತಿಂಗಳ ಕೊನೇ ಶನಿವಾರ ಬೆಳಿಗ್ಗೆ ಸಮಿತಿ ಸೇರುತ್ತೆ. ಅವತ್ತು ತೀರ್ಮಾನ."

"ಯಾವ ಪೋಷಕರಿಗೆ?" ಎಂದಳು ಅತ್ತಿಗೆ.

"ಹೆಸರು ಹೇಳೋದು ಸರಿಯಲ್ಲ."

"ಆಯ್ತು. ನಾನೇ ಕೇಳ್ಕೊಂಡು ಬರ್ತೀನಿ."

ಹಾಗೆ ಅತ್ತಿಗೆ ಮನೆಮನೆಗೆ ಹೊರಟಳು. ಸಂಜೆ ಹಂಡೆಯ ಬೆಂಕಿ ಆರಿಸಿ, ಕೈಯ ಸೋಡಾ ತೊಳೆದುಕೊಂಡು ಹೋಗುವಳು. ಒಬ್ಬಳೇ ಹೋಗುವುದು ಬೇಡವೆಂದು ನಾನು ಹಿಂದೆ ನಡೆಯುತ್ತಿದ್ದೆ. ಅವಳು ಕೇಳುತ್ತಿದ್ದದ್ದು ಒಂದೇ: ಶನಿವಾರ ಬೆಳಿಗ್ಗೆ ಶಾಲೆಗೆ ಬಂದು, ಈ ಹುಡುಗಿ ನಮ್ಮ ಮಕ್ಕಳ ಜೊತೆ ಓದಲಿ ಎಂದು ಒಂದು ಮಾತು ಹೇಳಿ.

ಜನ ಬಾಗಿಲು ತೆರೆದರು, ಕುರ್ಚಿ ಕೊಟ್ಟರು, ಟೀ ಕೊಟ್ಟರು. "ಅಯ್ಯೋ ಪಾಪ" ಎಂದರು. ಒಬ್ಬರು ಬಿಸ್ಕತ್ತಿನ ಪೊಟ್ಟಣ ತಂದರು, ಇನ್ನೊಬ್ಬರು ತಮ್ಮ ಮಗಳಿಗೆ ಗಿಡ್ಡವಾದ ಫ್ರಾಕು. ಅದನ್ನು ಒಗೆದದ್ದು ಅತ್ತಿಗೆಯೇ, ಇಸ್ತ್ರಿ ಮಾಡಿದ್ದು ನಾನೇ. ಮತ್ತೊಬ್ಬರು ದುಡ್ಡು ಮಡಿಸಿ ಅಂಗೈಗೆ ತುರುಕಲು ಬಂದರು. ಶನಿವಾರದ ಮಾತು ಬಂದಾಗ ಮಾತ್ರ ಎಲ್ಲರಿಗೂ ಏನೋ ಒಂದು ಕೆಲಸ.

"ಏನೇ ಇದು?" ಎಂದಳು ಅತ್ತಿಗೆ ದಾರಿಯಲ್ಲಿ. "ನಾನು ಬನ್ನಿ ಅಂದ್ರೆ ಇವರು ತಗೋ ಅಂತಾರೆ. ಬರೋದು ಅಷ್ಟು ಕಷ್ಟವಾ?"

ಬಿಸ್ಕತ್ತನ್ನು ಬೀದಿ ನಾಯಿಗೆ ಹಾಕಿದಳು. ಫ್ರಾಕನ್ನು ಅವರ ಕಾಂಪೌಂಡಿನ ಗೋಡೆಯ ಮೇಲೆ ಮಡಿಸಿ ಇಟ್ಟು ಬಂದಳು.

ವ್ಯಾನ್ ಡ್ರೈವರನ ಹೆಂಡತಿ ಬಾಗಿಲನ್ನು ಪೂರ್ತಿ ತೆರೆಯಲೇ ಇಲ್ಲ. ಹಿಂದೆ ಅವಳ ಮಗ ನಿಂತಿದ್ದ, ಬಾಯಲ್ಲಿ ಕಿಟಕಿಯಂಥ ಸಂದಿ.

"ನಿಮ್ಮ ಮಗನೂ ಬಿದ್ದ ಅಂತ ಹೇಳಿದ್ರೆ ಸಾಕು ಅಕ್ಕ," ಎಂದಳು ಅತ್ತಿಗೆ. "ಇನ್ನೇನೂ ಬೇಡ."

"ಅವನು ಮನೇಲಿ ಬಿದ್ದದ್ದು."

"ಅಮ್ಮಾ, ಶಾಲೇಲಿ," ಎಂದ ಹುಡುಗ.

"ಒಳಗೆ ನಡಿಯೋ!" ಅವನನ್ನು ಗದರಿ ಅವಳು ತಗ್ಗಿದ ದನಿಯಲ್ಲಿ ಹೇಳಿದಳು: "ನಮ್ಮ ಯಜಮಾನರು ಓಡಿಸೋದು ಶಾಲೆ ವ್ಯಾನು. ಹೊಟ್ಟೆ ಮೇಲೆ ಹೊಡೀಬೇಡಮ್ಮ." ಬಾಗಿಲು ಮುಚ್ಚಿತು.

ಅದರ ಮರುದಿನ ಗಾಜಿನ ಭರಣಿ ಕಣ್ಣಿಗೆ ಬಿತ್ತು. ಮೆಣಸಿನ ಹೊಲಿಗೆ ಬಿಚ್ಚಿಸಿಕೊಂಡು ಬರುವಾಗ ಮುಲಾಮಿಗೆಂದು ಮೆಡಿಕಲ್ ಶಾಪಿಗೆ ಹೋಗಿದ್ದೆವು. ಕೌಂಟರಿನ ಮೇಲೆ ಭರಣಿ, ಅದಕ್ಕೆ ಅಂಟಿಸಿದ ಫೋಟೋ. ಶಾಲೆಯ ಗುಂಪು ಫೋಟೋದಿಂದ ಮೆಣಸನ್ನು ಮಾತ್ರ ಕತ್ತರಿಸಿ ತೆಗೆದಿದ್ದರು. ಪಕ್ಕದ ಹುಡುಗಿಯ ಕಿವಿ ಅಂಚಿನಲ್ಲಿ ಉಳಿದಿತ್ತು. ಕೆಳಗೆ ಕೆಂಪು ಅಕ್ಷರ: ಕೈಯಿಲ್ಲದ ಬಾಲಕಿಯ ಹಾಸ್ಟೆಲ್ ಪ್ರಯಾಣಕ್ಕೆ ನೆರವಾಗಿ.

"ಅದು ನಾನಾ?" ಎಂದಳು ಮೆಣಸು. ಓದಲು ಬರುತ್ತಿತ್ತು ಅವಳಿಗೆ. ತನ್ನ ಬಲಗೈ ಎತ್ತಿ ನೋಡಿಕೊಂಡಳು. "ಇದೆಯಲ್ಲ ಒಂದು."

ಮೆಡಿಕಲ್ ಶಾಪಿನವರು ನಗುತ್ತ ಚಾಕೊಲೇಟು ಹಿಡಿದರು. "ಎಲ್ಲರೂ ಹಾಕ್ತಿದ್ದಾರಮ್ಮ. ಊರಿನ ಮನಸ್ಸು ದೊಡ್ಡದು."

ಅತ್ತಿಗೆ ಉಗುರಿನಿಂದ ಫೋಟೋವನ್ನು ಮೆಲ್ಲಗೆ, ಹರಿಯದ ಹಾಗೆ ಕಿತ್ತು ರವಿಕೆಯೊಳಗೆ ಇಟ್ಟುಕೊಂಡಳು. "ಭರಣಿ ಇಟ್ಕೊಳ್ಳಿ. ಇವಳನ್ನ ಊರು ಬಿಡಿಸೋಕೆ ಚಂದಾ ಅಂತ ಸರಿಯಾಗಿ ಬರೆದು ಹಾಕಿ. ಆಗಲೂ ಎಷ್ಟು ಜನ ಹಾಕ್ತಾರೋ ನೋಡೋಣ."

ಈ ಮಾತು ನಾವು ಮನೆ ಮುಟ್ಟುವ ಮೊದಲೇ ಅಮ್ಮನಿಗೆ ಮುಟ್ಟಿತ್ತು.

"ಗಿರಾಕಿಗೆ ಹಾಗಂದೆಯಾ? ಮುಖಕ್ಕೆ?"

"ಬೆನ್ನಿಗೆ ಅನ್ನೋಕೆ ಅವರು ತಿರುಗಲಿಲ್ಲ ಅತ್ತೆ."

"ನಿನ್ನ ನಾಲಿಗೆಗೆ ಒಂದು ದಿನ ಗಂಜಿ ಹಾಕಿ ಇಸ್ತ್ರಿ ಮಾಡಿಸ್ತೀನಿ ನೋಡು."

ನನಗೆ ನಗು ಬಂತು. ಇಸ್ತ್ರಿ ಪೆಟ್ಟಿಗೆಯ ಕಡೆ ಬಗ್ಗಿ ಕೆಂಡ ಊದಿದೆ.

ಆ ವಾರ ಅಣ್ಣ, ಅತ್ತಿಗೆ ಮಾತು ಬಿಟ್ಟರು. ಹೇಳುವುದೆಲ್ಲ ಮೆಣಸಿನ ಮೂಲಕ. "ನಿಮ್ಮಪ್ಪನಿಗೆ ಅನ್ನ ಬೇಕಾ ಕೇಳು." "ನಿಮ್ಮಮ್ಮನಿಗೆ ಹೇಳು, ಸಾಕು ಅಂತ." ಮೆಣಸು ಎರಡು ಕಡೆಗೂ ತನಗೆ ತೋಚಿದ್ದನ್ನು ಸೇರಿಸುತ್ತಿದ್ದಳು. "ಅಪ್ಪನಿಗೆ ಅನ್ನ ಬೇಡವಂತೆ, ಮೊಟ್ಟೆ ಮಾತ್ರ ಎರಡು ಬೇಕಂತೆ. ಒಂದು ನನಗಂತೆ."

ಒಂದು ಸಂಜೆ ಅಣ್ಣ ತಗಡಿನ ಟ್ರಂಕು ಹೊತ್ತು ತಂದ. ಹೊಸದು, ನೀಲಿ ಬಣ್ಣ. ಯಾರೂ ಕೇಳದೆಯೇ ಹೇಳಿದ: "ಹಾಸ್ಟೆಲಿಗೆ ಬೇಕಾಗುತ್ತೆ." ಮಾರನೆಯ ಬೆಳಿಗ್ಗೆ ನೋಡಿದರೆ ಟ್ರಂಕು ಹಿತ್ತಿಲಲ್ಲಿತ್ತು, ತುಂಬಾ ಇದ್ದಿಲು.

"ಮಳೆ ಬಂದ್ರೆ ಇದ್ದಿಲು ನೆನೀತಿತ್ತು," ಎಂದಳು ಅತ್ತಿಗೆ, ಗೋಡೆಯ ಕಡೆ ನೋಡುತ್ತ. "ಒಳ್ಳೇ ಸಾಮಾನು ತಂದ್ರು."

ಅಣ್ಣ ಕೂಗಾಡಿದ. ಅಷ್ಟು ದಿನಗಳ ಮೇಲೆ ಅವನ ಬಾಯಿಂದ ಮಾತು ನೇರವಾಗಿ ಬಂದದ್ದು ಅಂದೇ. "ನಿನಗೊಬ್ಬಳಿಗೇ ಮಗಳಾ ಅವಳು? ಇಲ್ಲಿ ದಿನಾ ಯಾರೋ ನೋಡ್ತಾರೆ, ಏನೋ ಅಂತಾರೆ. ಅಲ್ಲಾದ್ರೆ ಎಲ್ಲರೂ ಹಾಗೇ ಇರ್ತಾರೆ, ಯಾರೂ ನೋಡಲ್ಲ. ಅವಳಿಗೆ ಸುಖ ಬೇಡವಾ?"

"ನೋಡೋರ ಕಣ್ಣಿಗೆ ಹೆದರಿ ನಾವು ಮಗುವನ್ನ ಸಾಗಿಸಬೇಕಾ? ಅವರೇ ಬೇರೆ ಕಡೆ ನೋಡಲಿ."

"ಅಪ್ಪಾ," ಎಂದಳು ಮೆಣಸು. "ನಾನು ರಾತ್ರಿ ಯಾರನ್ನ ಒದೀಲಿ ಅಲ್ಲಿ?"

ಅಣ್ಣ ಸೈಕಲ್ ತೆಗೆದುಕೊಂಡು ಹೊರಟುಹೋದ. ಆದರೆ ಇದ್ದಿಲನ್ನು ಟ್ರಂಕಿನಿಂದ ತೆಗೆಯಲಿಲ್ಲ.

ಶನಿವಾರ ಹತ್ತಿರ ಬಂತು. ಬರುತ್ತೇನೆಂದು ಗಟ್ಟಿಯಾಗಿ ಹೇಳಿದವರು ನರ್ಸಮ್ಮ ಒಬ್ಬರೇ, ಅದೂ ರಜೆ ಸಿಕ್ಕರೆ. ಅತ್ತಿಗೆ ಗಂಜಿ ಕಲಸುತ್ತ ಕೂತಿದ್ದಳು, ಕೈ ತಿರುಗುತ್ತಿತ್ತು, ಕಣ್ಣು ಎಲ್ಲೋ ಇತ್ತು.

"ಶನಿವಾರ ಬೆಳಿಗ್ಗೆ ಎಲ್ಲರೂ ಇಲ್ಲಿಗೆ ಬರ್ತಾರಲ್ಲ ಅತ್ತಿಗೆ," ಎಂದೆ. "ಬಟ್ಟೆಗೆ."

"ಬರ್ತಾರೆ. ಅದಕ್ಕೇನೀಗ?"

"ಬಟ್ಟೆ ಅಲ್ಲಿದ್ರೆ ಅಲ್ಲಿಗೇ ಬರ್ತಾರೆ."

ಅತ್ತಿಗೆಯ ಕೈ ನಿಂತಿತು. ನನ್ನನ್ನೇ ನೋಡಿದಳು. "ಬಾಯಿ ಬಿಡದೆ ಕೂತು ಇಂಥದ್ದೆಲ್ಲ ಯೋಚನೆ ಮಾಡ್ತೀಯಾ ನೀನು?"

ಅಮ್ಮನಿಗೆ ಹೇಳಿದಾಗ ಅವಳು ಕಪಾಟಿಗೆ ಬೆನ್ನು ಕೊಟ್ಟು ನಿಂತಳು, ಯಾರೋ ಕಳ್ಳರು ಬಂದ ಹಾಗೆ. "ಗಿರಾಕಿ ಬಟ್ಟೆ ಈ ಬಾಗಿಲಿಂದ ಅವರ ಕೈಗೇ ಹೋಗಬೇಕು. ಬೀದಿಗೆ ಹೋಗಬಾರದು. ನಾನು ಬದುಕಿರೋವರೆಗೂ ಇಲ್ಲ."

"ಕದಿಯೋಕೆ ಹೋಗ್ತಿಲ್ಲ ಅತ್ತೆ. ಕೊಡೋಕೇ ಹೋಗ್ತಿರೋದು."

"ಇಲ್ಲ ಅಂದ್ರೆ ಇಲ್ಲ."

ಶನಿವಾರ ಬೆಳಿಗ್ಗೆ ಅಮ್ಮ ಹಾಲು ತರಲು ಹೋದಾಗ ನಾವಿಬ್ಬರೂ ಕಪಾಟು ಖಾಲಿ ಮಾಡಿದೆವು. ಗಂಟುಗಳನ್ನು ತಳ್ಳುಗಾಡಿಗೆ ಎಸೆದೆವು ಎನ್ನಬೇಕು. ಅಮ್ಮ ಬರುವುದರೊಳಗೆ ತಿರುವು ದಾಟಬೇಕು ಎಂಬುದೊಂದೇ ತಲೆಯಲ್ಲಿ. ಮುಚ್ಚಿದ ಬಾಗಿಲ ಮೇಲೆ ನಾನು ಸೀಮೆಸುಣ್ಣದಲ್ಲಿ ಬರೆದೆ: ಇವತ್ತು ಬಟ್ಟೆ ಶಾಲೆಯ ಗೇಟಿನ ಹತ್ತಿರ ಸಿಗುತ್ತದೆ. ಮೆಣಸು ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡು ಗಾಡಿಯ ಮುಂದೆ ಓಡಿದಳು.

ಗೇಟಿನ ಮುಂದೆ ಗಾಡಿ ನಿಲ್ಲಿಸಿದಾಗ ಅತ್ತಿಗೆ ನನ್ನ ಕಡೆ ತಿರುಗಿದಳು. "ಹೋಟೆಲಿಂದು ಯಾವುದೇ?"

ನಾನು ಗಾಡಿಯನ್ನು ನೋಡಿದೆ. ಎಲ್ಲವೂ ಒಂದೇ ಪೇಪರು, ಒಂದೇ ದಾರ. ಕಪಾಟಿನಲ್ಲಿದ್ದಾಗ ಕಣ್ಣು ಮುಚ್ಚಿ ಹೇಳಬಹುದಿತ್ತು. ಜಾಗ ಬಿಟ್ಟ ಮೇಲೆ ನಮಗೆ ಒಂದೂ ಗೊತ್ತಿರಲಿಲ್ಲ.

"ಅಯ್ಯೋ ದೇವರೇ," ಎಂದಳು ಅತ್ತಿಗೆ.

ಆಗಲೇ ಜನ ಬರತೊಡಗಿದ್ದರು. ಕೆಲವರು ಮಕ್ಕಳನ್ನು ಬಿಡಲು, ಹೆಚ್ಚಿನವರು ಅಂಗಡಿಯ ಬಾಗಿಲು ನೋಡಿ ಬೈಯುತ್ತ. ತಡ ಮಾಡಿದರೆ ಇನ್ನೂ ಬೈಯುತ್ತಾರೆಂದು ಅತ್ತಿಗೆ ಅಂದಾಜಿನ ಮೇಲೆ ಕೊಟ್ಟುಬಿಟ್ಟಳು. ನರ್ಸಮ್ಮನಿಗೆ ಹೋಟೆಲಿನ ಮೇಜುಬಟ್ಟೆ ಹೋಯಿತು. ಹೋಟೆಲಿನ ಸಪ್ಲೈಯರ್ ಗಂಟು ಬಿಚ್ಚಿ ಒಂದು ಲಂಗ ಎತ್ತಿ ಹಿಡಿದ.

"ಇದನ್ನ ಹಾಕ್ಕೊಂಡು ಟೀ ಕೊಟ್ರೆ ಇವತ್ತು ಗಿರಾಕಿ ಜಾಸ್ತಿ ಬರ್ತಾರಮ್ಮ!"

"ನನ್ನ ಪ್ಯಾಂಟಾ ಇದು?" ಎಂದರು ಇನ್ನೊಬ್ಬರು. "ಹೋದ ವಾರದಿಂದ ನಾನು ಇಷ್ಟು ಬಡವಾಗಿದ್ದೀನಾ?"

"ಕೊಡ್ರೀ ಇಲ್ಲಿ, ಅದು ನಮ್ಮನೆಯವರದ್ದು!"

"ಹಾಗಿದ್ರೆ ನಮ್ಮನೆಯವರದ್ದು ಎಲ್ಲಿ?"

ಬೈಗುಳ, ನಗು, ಎಳೆದಾಟ. ಯಾರೂ ಹೋಗುವಂತಿಲ್ಲ. ತಮ್ಮದನ್ನು ಬಿಟ್ಟು ಹೋಗಲು ಮನಸ್ಸಿಲ್ಲ, ಬೇರೆಯವರದ್ದನ್ನು ಹೊತ್ತು ಹೋಗಲು ಮರ್ಯಾದೆಯಿಲ್ಲ. ವ್ಯಾನ್ ಡ್ರೈವರನ ಹೆಂಡತಿಯೂ ಗಂಡನ ಖಾಕಿ ಶರ್ಟಿಗೆ ಬಂದು, ಕೈಯಲ್ಲಿ ಯಾರದೋ ಬಿಳಿ ಕೋಟು ಹಿಡಿದು ಸಿಕ್ಕಿಬಿದ್ದಿದ್ದಳು. ಪಕ್ಕದಲ್ಲಿ ಅವಳ ಹಲ್ಲಿಲ್ಲದ ಮಗ.

ಗದ್ದಲ ಕೇಳಿ ಸಮಿತಿಯವರು ಆಫೀಸಿನಿಂದ ಹೊರಗೆ ಬಂದರು. ಮುಂದೆ ಮೆಡಿಕಲ್ ಶಾಪಿನವರು, ಹಿಂದೆ ಹೆಡ್ ಮೇಡಂ.

"ಏನಮ್ಮ ಇದು, ಶಾಲೆ ಮುಂದೆ ಸಂತೆ?"

"ನಿಮ್ಮ ಶರ್ಟು ಕೊಡೋಕೆ ಬಂದೆ," ಎಂದಳು ಅತ್ತಿಗೆ. ಅವಳ ದನಿ ಜೋರಾಗಿತ್ತು. "ಪೋಷಕರಿಗೆ ಅಳುಕಿದೆ ಅಂದ್ರಿ. ಪೋಷಕರೆಲ್ಲ ಇಲ್ಲೇ ಇದ್ದಾರೆ. ಕೇಳಿ. ಯಾರಿಗೆ ಅಳುಕು?"

ಬಟ್ಟೆಯ ಎಳೆದಾಟ ನಿಂತಿತು. ಮೆಡಿಕಲ್ ಶಾಪಿನವರು ಜನರ ಮುಖ ನೋಡಿ ದನಿ ತಗ್ಗಿಸಿ ಮೆಣಸನ್ನು ಕರೆದರು. "ಬಾ ಮಗೂ. ಹೆದರಬೇಡ. ನಿನ್ನ ಶೂ ಲೇಸು ಬಿಚ್ಚಿ ಕಟ್ಟಿ ತೋರಿಸು ಎಲ್ಲರಿಗೂ. ಕಟ್ಟಿದ್ರೆ ಆಮೇಲೆ ನೋಡೋಣ."

ಮೆಣಸಿಗೆ ಲೇಸು ಕಟ್ಟಲು ಬರುತ್ತದೆ. ಹಲ್ಲು, ಕೈ ಎರಡೂ ಸೇರಿಸಿ ಕಟ್ಟುತ್ತಾಳೆ. ಅವಳು ಬಗ್ಗಿದಳು.

"ಕಟ್ಟಬೇಡ," ಎಂದಳು ಅತ್ತಿಗೆ.

ಮೆಣಸು ನೆಟ್ಟಗಾದಳು.

"ಇಲ್ಲಿರೋ ಮಕ್ಕಳಲ್ಲಿ ಎಷ್ಟು ಜನರಿಗೆ ಲೇಸು ಕಟ್ಟಿಸಿ ಶಾಲೆಗೆ ಸೇರಿಸ್ಕೊಂಡ್ರಿ? ನನ್ನ ಮಗಳು ಆಟ ತೋರಿಸೋಕೆ ಬಂದಿಲ್ಲ. ಓದೋಕೆ ಬಂದಿದ್ದಾಳೆ. ಲೇಸು ಕಟ್ಟೋಕೆ ಬರಲಿ, ಬಿಡಲಿ, ಓದೋದು ಇಲ್ಲೇ."

ಆಗಲೇ ಸೈಕಲ್ ಬಂತು. ಅಣ್ಣ ತುಳಿಯುತ್ತಿದ್ದ, ಹಿಂದಿನ ಕ್ಯಾರಿಯರಿನಲ್ಲಿ ಅಮ್ಮ, ಮಡಿಲಲ್ಲಿ ಹಾಲಿನ ಪಾತ್ರೆ. ಇಳಿದವಳೇ ಗಾಡಿಯನ್ನು ನೋಡಿ ಹಣೆ ಚಚ್ಚಿಕೊಂಡಳು.

"ನನ್ನ ಅಂಗಡಿ ಮಾನ ತೆಗೆದ್ರಲ್ಲೇ ಇಬ್ಬರೂ! ಕೊಡಿ ಇಲ್ಲಿ."

ಯಾರ ಮುಖವನ್ನೂ ನೋಡದೆ ಗೇಟಿನ ಕಟ್ಟೆಯ ಮೇಲೆ ಕೂತು ಒಂದೊಂದೇ ಗಂಟನ್ನು ಬಿಚ್ಚಿಸಿದಳು. ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ, ಯಾರದೆಂದು ಗುರುತು ಹಿಡಿದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು.

ಮೆಡಿಕಲ್ ಶಾಪಿನವರಿಗೆ ಜೀವ ಬಂತು. "ನೀವು ಹಿರಿಯರು, ತಿಳಿದೋರು. ಸೊಸೆಗೆ ಒಂದು ಮಾತು ಹೇಳಿ."

ಅಮ್ಮ ಒಂದು ಕಾಲರನ್ನು ಬೆಳಕಿಗೆ ಹಿಡಿದಳು. "ಹೇಳ್ತೀನಿ. ಮನೆಗೆ ಹೋಗಿ ಬೈತೀನಿ, ಸಂಜೆವರೆಗೂ ಬೈತೀನಿ. ನನ್ನ ಸೊಸೆಗೆ ಬೀದೀಲಿ ಬೈಯೋ ಅಭ್ಯಾಸ ನನಗಿಲ್ಲ." ಆಮೇಲೆ ಆ ಶರ್ಟನ್ನು ಅವರ ಕಡೆ ನೀಡಿದಳು. "ತಗೊಳ್ಳಿ, ನಿಮ್ಮದು. ಇಲ್ಲೇ ಇರ್ತೀರೋ, ಒಳಗೆ ಹೋಗಿ ಬಾಗಿಲು ಹಾಕ್ಕೊಂಡು ತೀರ್ಮಾನ ಮಾಡ್ತೀರೋ ಹೇಳಿಬಿಡಿ. ಒಳಗೆ ಅಂದ್ರೆ ನಾವೂ ಬರ್ತೀವಿ. ಬಟ್ಟೆ ಒಳಗೇ ವಿಂಗಡಿಸ್ತೀನಿ."

ಯಾರೋ ನಕ್ಕರು. ನರ್ಸಮ್ಮ ಮೇಜುಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಮುಂದೆ ಬಂದರು. "ನನಗೆ ಯಾವ ಅಳುಕೂ ಇಲ್ಲ. ಬರೆದುಕೊಳ್ಳಿ."

ಅಮ್ಮ ಖಾಕಿ ಶರ್ಟು ಎತ್ತಿದಳು. ವ್ಯಾನ್ ಡ್ರೈವರನ ಹೆಂಡತಿ ಕೈ ಚಾಚಿ ಅದನ್ನು ತೆಗೆದುಕೊಂಡಳು. ಅವಳಿಗೆ ಅವಳ ಬಟ್ಟೆ ಸಿಕ್ಕಿತ್ತು, ಹೋಗಬಹುದಿತ್ತು. ಎರಡು ಹೆಜ್ಜೆ ಹೋದಳು ಕೂಡ. ಮಗ ಅಲ್ಲೇ ನಿಂತಿದ್ದ, ಮೆಣಸಿನ ಪಕ್ಕ.

"ಬಾರೋ."

"ನಾನೂ ಬಿದ್ದೆ," ಎಂದ ಹುಡುಗ ಹೆಡ್ ಮೇಡಂಗೆ. "ಮೇಲಿನ ಮೆಟ್ಟಿಲು ತಿರುಗುತ್ತೆ."

"ನಾನು ಹೇಳಿದ್ದೆ, ಹೇಳಿದ್ದೆ!" ಎಂದು ಮೆಣಸು ಕುಣಿದಳು.

ಡ್ರೈವರನ ಹೆಂಡತಿ ಮಗನ ರಟ್ಟೆ ಹಿಡಿದಳು. ಬಾಯಿ ಮುಚ್ಚಿಸುತ್ತಾಳೆ ಎಂದುಕೊಂಡೆ. ಶರ್ಟನ್ನು ಎದೆಗೆ ಒತ್ತಿಕೊಂಡು ಅಲ್ಲೇ ನಿಂತಳು. "ಹೌದು ಮೇಡಂ. ಇವನು ಶಾಲೇಲೇ ಬಿದ್ದದ್ದು. ಮನೇಲಿ ಅಂತ ಹೇಳೋಕೆ ಹೇಳಿದ್ರಿ, ಹೇಳಿದೆ. ನಮ್ಮ ಯಜಮಾನರ ಕೆಲಸ ತೆಗೀತೀರಾ, ತೆಗೀರಿ. ಇಷ್ಟು ಜನರ ಮುಂದೆ ತೆಗೀರಿ. ಆ ಮೆಟ್ಟಿಲು ಎರಡು ಕೈ ಇದ್ದವನನ್ನೂ ಬೀಳಿಸಿದೆ."

ಈಗ ಗದ್ದಲ ಬೇರೆಯಾಯಿತು. "ನಮ್ಮ ಮಗಳೂ ಅದೇ ಏಣಿ ಹತ್ತುತ್ತಾಳೆ!" "ಮುರಿದ ಏಣಿ ಬಿಟ್ಟು ಮಗುವನ್ನ ತೆಗೀತಾರಂತೆ!" ಸಪ್ಲೈಯರ್ ಲಂಗ ಬೀಸುತ್ತ ಕೂಗುತ್ತಿದ್ದ. ಒಬ್ಬಿಬ್ಬರು ತಮ್ಮ ಗಂಟು ಸಿಕ್ಕಿದ್ದೇ ತಲೆ ತಗ್ಗಿಸಿ ಹೊರಟುಹೋದರು; ಅದನ್ನೂ ನೋಡಿದೆ. ಉಳಿದವರು ಬಟ್ಟೆ ಕಂಕುಳಲ್ಲಿ ಇಟ್ಟುಕೊಂಡು ನಿಂತರು.

ಮೆಡಿಕಲ್ ಶಾಪಿನವರು ಕೊನೆಗೆ ಅಣ್ಣನನ್ನು ಹಿಡಿದರು. "ತಂದೆ ನೀವು. ನೀವು ಒಪ್ಪಿದ್ರಲ್ಲ?"

ಅಣ್ಣ ಸೈಕಲಿನ ಹ್ಯಾಂಡಲ್ ಹಿಡಿದೇ ಇದ್ದ. "ಒಪ್ಪಿದ್ದೆ," ಎಂದ. "ಮೆಟ್ಟಿಲು ತಿರುಗಿತು ಅಂತ ಅವಳು ಮೊದಲ ದಿನವೇ ಹೇಳಿದ್ಲು. ಮಾತಾಡಬೇಡ ಅಂದೆ. ಈಗ ನಾನೇ ಮಾತಾಡ್ತೀನಿ. ಕಳಿಸಲ್ಲ."

ಅತ್ತಿಗೆ ಅವನ ಕಡೆ ನೋಡಲಿಲ್ಲ. ಆದರೆ ಗಾಡಿಯಿಂದ ಒಂದು ಗಂಟು ಎತ್ತಿ ಅವನ ಕೈಗೆ ಕೊಟ್ಟಳು, ಹಿಡಿದುಕೋ ಎನ್ನುವ ಹಾಗೆ. ಅವನು ಹಿಡಿದುಕೊಂಡ.

ಹೆಡ್ ಮೇಡಂ, ಮೆಡಿಕಲ್ ಶಾಪಿನವರು ಪಕ್ಕಕ್ಕೆ ಹೋಗಿ ಪಿಸುಗುಟ್ಟಿದರು. ಬಂದು ಮೇಡಂ ಹೇಳಿದರು: "ಏಣಿ ರಿಪೇರಿ ಮಾಡಿಸ್ತೀವಿ. ಮಗು ಈ ವರ್ಷ ಇಲ್ಲೇ ಇರಲಿ. ಮುಂದಿನ ವರ್ಷದ್ದು ಮುಂದೆ ನೋಡೋಣ."

"ನೋಡೋಣ ಮೇಡಂ," ಎಂದಳು ಅತ್ತಿಗೆ. "ಮುಂದಿನ ವರ್ಷವೂ ನಿಮ್ಮೆಲ್ಲರ ಬಟ್ಟೆ ಕೊಳೆಯಾಗುತ್ತಲ್ಲ."

ಜನ ಮೆಣಸಿನ ತಲೆ ಸವರಲೆಂದು ತಿರುಗಿದರು. ಅವಳು ಅಲ್ಲಿರಲಿಲ್ಲ. ಗಂಟೆ ಹೊಡೆದದ್ದನ್ನು ಮಕ್ಕಳು ಮಾತ್ರ ಕೇಳಿಸಿಕೊಂಡಿದ್ದರು. ಗೇಟಿನ ಪಕ್ಕದ್ದೇ ಎರಡನೇ ತರಗತಿಯ ಕಿಟಕಿ. ಒಳಗೆ ಮಿಸ್ ಹಾಜರಿ ಕರೆಯುತ್ತಿದ್ದರು. ಒಂದು ಹೆಸರು, ಹಾಜರ್. ಇನ್ನೊಂದು ಹೆಸರು, ಹಾಜರ್. ಮೆಣಸಿನ ಮುಂಚಿನ ಹೆಸರು ಬಂತು. ಆಮೇಲೆ ಅವಳ ನಂತರದ್ದು.

ಅತ್ತಿಗೆ ಗಾಡಿ ಬಿಟ್ಟು ಕಿಟಕಿಯ ಕಡೆ ಹೊರಟಳು. ಅಮ್ಮ ಅವಳ ಸೆರಗು ಹಿಡಿದು ನಿಲ್ಲಿಸಿದಳು. "ತಡಿ."

"ಮಿಸ್," ಎಂದಿತು ಒಳಗಿನಿಂದ ಆ ಮೊನಚು ದನಿ. "ನನ್ನನ್ನ ಬಿಟ್ರಿ."

ಮಿಸ್ ಏನೋ ಮೆತ್ತಗೆ ಹೇಳಿದರು.

"ನನ್ನ ಹೆಸರು ಹೊಡೆದು ಹಾಕಿದ್ರೆ ಮತ್ತೆ ಬರೀರಿ," ಎಂದಳು ಮೆಣಸು. ಆಮೇಲೆ ಯಾರೂ ಕರೆಯುವ ಮೊದಲೇ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು: "ಹಾಜರ್!"